ಗಂಜಿ ತೊಳೆದ ಆಲೂಗಡ್ಡೆ

ಗರಿಗರಿ ಎಂಬ ಮಾತಿಗೆ ಆ ಬೀದಿಯಲ್ಲಿ ಒಬ್ಬಳೇ ಒಡತಿ. ಅವಳೇ ಇಸ್ತ್ರಿಯಮ್ಮ. ನಲವತ್ತೆರಡು ವರ್ಷದಿಂದ ಹೋಟೆಲಿನ ಮೇಜುಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಬ್ಯಾಂಡಿನವರ ಉದ್ದ ತೋಳಿನ ಅಂಗಿ, ಎಲ್ಲವೂ ಅವಳ ಕೈಯಲ್ಲೇ ಗಂಜಿ ಕುಡಿದು ನೆಟ್ಟಗೆ ನಿಂತು ಹೊರಡುತ್ತಿದ್ದವು. ಅವಳು ಗಂಜಿ ಹಾಕಿದ ಕಾಲರು ತೊಟ್ಟವನು ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು ಎಂದು ಎದುರಿನ ಔಷಧಿ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದು ಬೀಗುತ್ತಿದ್ದಳು.

ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆ. ಗಂಡ ಸೈಕಲ್ಲಿನ ಮೇಲೆ ಬಟ್ಟೆಯ ಗಂಟು ತರುತ್ತಿದ್ದ, ಒಯ್ಯುತ್ತಿದ್ದ. ಮಾತು ಆಡುವುದನ್ನು ಹೆಂಡತಿಗೇ ಗುತ್ತಿಗೆ ಕೊಟ್ಟುಬಿಟ್ಟಿದ್ದ. ಇಸ್ತ್ರಿ ಮಾಡುವವರಿಗೆ ಮೂರು ವಿಷಯ ಗೊತ್ತಿದ್ದರೆ ಸಾಕು ಎಂದು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಗಂಜಿ ಇಲ್ಲದೆ ಯಾವ ಬಟ್ಟೆಯೂ ನಿಲ್ಲುವುದಿಲ್ಲ. ಪೂರಾ ಒಣಗಿದ ಬಟ್ಟೆಗೆ ನೀರು ಚಿಮುಕಿಸದೆ ಪೆಟ್ಟಿಗೆ ಮುಟ್ಟಿಸಬಾರದು. ಪೆಟ್ಟಿಗೆ ಕಾದಿದೆಯೇ ಎಂದು ನೋಡಲು ಬೆರಳು ಒದ್ದೆ ಮಾಡಿ ಒಂದು ಹನಿ ಸಿಡಿಸಬೇಕು, ಚುಯ್ ಎಂದರೆ ಸರಿ. ಈ ಮೂರರ ಮೇಲೆ ಅವಳ ಸಂಸಾರ ನಿಂತಿತ್ತು, ಮಗನ ಓದು ನಿಂತಿತ್ತು, ಅವನ ಮದುವೆಯೂ ನಡೆದಿತ್ತು. ಹೀಗಿರುವಾಗ ಲೋಕದ ಎಲ್ಲ ಗರಿಗರಿಗೂ ಇದೇ ಮೂರು ಸಾಕು ಎಂದು ಅವಳು ನಂಬಿದ್ದರೆ ತಪ್ಪೇನು, ನೀವೇ ಹೇಳಿ.

ಮಗ ದೂರದ ಊರುಗಳಿಗೆ ಬಸ್ಸು ಓಡಿಸುವವನು, ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದ್ದ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಅದೇ ಹೆಚ್ಚು. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಅವರಿಗೆ ಏಳು ವರ್ಷದ ಒಬ್ಬಳೇ ಮಗಳು; ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲದ್ದರಿಂದ ಎಲ್ಲರ ಬಾಯಲ್ಲೂ ಚಿನಕುರಳಿ. ಅದು ಹುಟ್ಟಿ ಮೂರು ತಿಂಗಳಿಗೇ ಇಸ್ತ್ರಿಯಮ್ಮನ ಅಂಗಡಿಗೆ ಬಂದಿತ್ತು. ಆಗ ತಾನೇ ಇಸ್ತ್ರಿಯಾದ ಬೆಚ್ಚನೆಯ ಹಾಸಿಗೆಬಟ್ಟೆಗಳ ಬುಟ್ಟಿಯೇ ಅದರ ತೊಟ್ಟಿಲು. ಹೋಟೆಲಿನವರ ಮೇಜುಬಟ್ಟೆಯ ಮೇಲೆ ಅದು ಎಷ್ಟು ಸಲ ಒದ್ದೆ ಮಾಡಿತ್ತೋ, ಇಸ್ತ್ರಿಯಮ್ಮ ಎಷ್ಟು ಸಲ ಯಾರಿಗೂ ತಿಳಿಯದಂತೆ ಮತ್ತೆ ಒಗೆದಿದ್ದಳೋ, ಆ ಲೆಕ್ಕ ಬೇಡ ಬಿಡಿ. ಶಾಲೆಗೆ ಸೇರಿದ ಮೇಲೂ ಮೂರೂವರೆಗೆ ಗಂಟೆ ಬಾರಿಸಿದರೆ ಚಿನಕುರಳಿ ನೆಟ್ಟಗೆ ಅಂಗಡಿಗೇ. ಅಜ್ಜಿ ಎಂದರೆ ಇಸ್ತ್ರಿಯಮ್ಮ, ಅಷ್ಟೇ.

ಅಷ್ಟರಲ್ಲಿ ಬೀಗಿತ್ತಿ ಬಂದಳು. ಸೊಸೆಯ ತಾಯಿ. ಇಪ್ಪತ್ತಾರು ವರ್ಷ ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತಿಯಾಗಿ, ಒಂಟಿ ಜೀವ, ಮಗಳ ಹತ್ತಿರ ಇರೋಣವೆಂದು ಅದೇ ಬೀದಿಯ ಆಚೆ ತುದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಳು. ಬೀದಿಯವರು ಒಂದೇ ವಾರದಲ್ಲಿ ಅವಳಿಗೆ ಕ್ಯಾಂಟೀನಮ್ಮ ಎಂದು ಹೆಸರಿಟ್ಟರು. ದಪ್ಪ ಕೈ, ಸಣ್ಣ ದನಿ, ಎಲ್ಲರನ್ನೂ ಮೊದಲು ತಾನೇ ಮಾತಾಡಿಸುವ ಸ್ವಭಾವ. ಇಸ್ತ್ರಿಯಮ್ಮನಿಗೆ ಆ ಸ್ವಭಾವವೇ ಮೊದಲು ಆಗಲಿಲ್ಲ.

ಸೊಸೆಗೆ ಅದೇ ಸಮಯಕ್ಕೆ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗಿನ ಪಾಳಿ ಬಿತ್ತು. ಮಗುವಿನ ತಿಂಡಿ, ಓದು, ಊಟ ಎಲ್ಲ ಒಂದು ಕಡೆ ಆಗಬೇಕು. ಸೊಸೆ ನ್ಯಾಯವಂತಳು, ಅದೇ ತೊಂದರೆ. ಒಂದು ತಿಂಗಳು ದಿನ ಬಿಟ್ಟು ದಿನ ಇಬ್ಬರ ಮನೆಯಲ್ಲೂ ಇರಲಿ, ಆಮೇಲೆ ಎಲ್ಲಿ ಇರುತ್ತೇನೆಂದು ಮಗುವೇ ಹೇಳಲಿ ಎಂದಳು. ಇಸ್ತ್ರಿಯಮ್ಮ ಆಗಲಿ ಎಂದು ನಕ್ಕಳು. ಏಳು ವರ್ಷ ಸಾಕಿದವಳಿಗೆ ನಿನ್ನೆ ಮೊನ್ನೆ ಬಂದವಳ ಭಯವೇ?

ಎರಡನೆಯ ವಾರಕ್ಕೆ ಭಯ ಬಂತು. ಅವತ್ತು ಚಿನಕುರಳಿ ಅಂಗಡಿಗೆ ಬಂದವಳೇ, ಚೀಲ ಇಳಿಸುವ ಮೊದಲು, ಆ ಅಜ್ಜಿ ನಿನ್ನೆ ಫ್ರೆಂಚ್ ಫ್ರೈಸ್ ಮಾಡಿದ ಕತೆ ಶುರು ಮಾಡಿದಳು. ಅಂಗಡಿಯದ್ದಲ್ಲ, ಮನೆಯಲ್ಲೇ ಮಾಡಿದ್ದು. ಒಂದನ್ನು ಮುರಿದರೆ ಪಕ್ಕದ ಕೋಣೆಗೆ ಕೇಳುತ್ತದಂತೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ. ಗರಿಗರಿ! ಅದೂ ಇಸ್ತ್ರಿಯಮ್ಮನ ಅಂಗಡಿಯಲ್ಲಿ, ಇಸ್ತ್ರಿಯಮ್ಮನ ಮೊಮ್ಮಗಳ ಬಾಯಲ್ಲಿ, ಬೇರೆಯವಳ ಕೈಗೆ ಆ ಮಾತು. ಅವಳ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದ ಹಾಗಾಯಿತು.

ಹೇಗೆ ಮಾಡುತ್ತಾರೆ ಎಂದು ಸುಮ್ಮನೆ ಕೇಳುವವಳಂತೆ ಕೇಳಿದಳು. ಮಗು ಕಂಡಷ್ಟು ಹೇಳಿತು: ಆಲೂಗಡ್ಡೆಯನ್ನು ಬೆರಳುದ್ದ ಹೆಚ್ಚಿ ತಣ್ಣೀರಲ್ಲಿ ಹಾಕುವುದು, ಬೆಳ್ಳಗಾದ ನೀರನ್ನು ಚೆಲ್ಲುವುದು, ಮತ್ತೆ ನೀರು, ಮತ್ತೆ ಚೆಲ್ಲುವುದು. ಆಮೇಲಿನದ್ದು ಮಗುವಿಗೆ ನೆನಪಿರಲಿಲ್ಲ, ಏಕೆಂದರೆ ಆಮೇಲೆ ಟಿ.ವಿ.ಯಲ್ಲಿ ಕಾರ್ಟೂನು ಬಂದಿತ್ತು. ಇಸ್ತ್ರಿಯಮ್ಮ ಮನಸಾರೆ ನಕ್ಕಳು. ಆ ಬೆಳ್ಳನೆ ನೀರು ಗಂಜಿಯಲ್ಲದೆ ಮತ್ತೇನು? ಗಂಜಿಯನ್ನೆಲ್ಲ ಚರಂಡಿಗೆ ಸುರಿದು ಗರಿಗರಿ ಬೇಕಂತೆ ಆ ಮಹಾತಾಯಿಗೆ! ತೊಳೆದು ಚೆಲ್ಲಿದವಳೇ ಇಷ್ಟು ಮಾಡಿದರೆ, ಗಂಜಿ ಉಳಿಸಿಕೊಂಡವಳು ಎಷ್ಟು ಮಾಡಬಹುದು ಎಂದು ಲೆಕ್ಕ ಹಾಕಿದಳು. ಸಾಲದ್ದಕ್ಕೆ ಮೇಲಿಂದ ಇನ್ನಷ್ಟು ಗಂಜಿ ಹಾಕಿದರೆ ಬೀಗಿತ್ತಿ ಮೂಗಿನ ಮೇಲೆ ಬೆರಳಿಡಬೇಕು.

ಮರುದಿನ ಮಗು ಆ ಮನೆಯಲ್ಲಿದ್ದಾಗ ಇಸ್ತ್ರಿಯಮ್ಮ ಅಂಗಡಿಯ ಬಾಗಿಲು ಅರ್ಧ ಎಳೆದು ಅಡುಗೆಮನೆ ಹೊಕ್ಕಳು. ಆಲೂಗಡ್ಡೆ ಹೆಚ್ಚಿದಳು, ತೊಳೆಯಲಿಲ್ಲ. ಮೆಕ್ಕೆಜೋಳದ ಹಿಟ್ಟು ಕಾಯಿಸಿ, ಡಾಕ್ಟರ ಕೋಟಿಗೆ ಮಾಡುವ ಹದಕ್ಕೆ ಗಂಜಿ ಮಾಡಿ ಅದರಲ್ಲಿ ಅದ್ದಿ ಆರಲು ಹರವಿದಳು. ಒಣಗಿದ್ದು ಕಂಡರೆ ಕೈ ಸುಮ್ಮನಿರಬೇಕಲ್ಲ, ಒಂದಿಷ್ಟು ನೀರೂ ಚಿಮುಕಿಸಿದಳು. ಬಾಣಲೆಯ ಎಣ್ಣೆ ಕಾದಿದೆಯೇ ನೋಡಬೇಕು. ಬೆರಳು ಒದ್ದೆ ಮಾಡಿ ಸಿಡಿಸಿದಳು.

ಚುಯ್ ಎನ್ನಲಿಲ್ಲ, ಸಿಡಿಲೇ ಹೊಡೆಯಿತು. ಎಣ್ಣೆ ಹಾರಿ ಮಣಿಕಟ್ಟಿನ ಮೇಲೆ ಮೂರು ಬೊಬ್ಬೆ ಎದ್ದವು. ನಲವತ್ತೆರಡು ವರ್ಷದಲ್ಲಿ ಪೆಟ್ಟಿಗೆ ಸುಡದಷ್ಟು ಎಣ್ಣೆ ಒಂದೇ ದಿನದಲ್ಲಿ ಸುಟ್ಟಿತು. ಹಿಡಿದ ಹಟ ಬಿಡುವವಳಲ್ಲ, ಆಲೂಗಡ್ಡೆ ಸುರಿದಳು. ಅವೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ, ಹೊರಗೆ ಕಂದು ಬಣ್ಣ ಬಂದು, ಒಳಗೆ ಹಸಿಯಾಗಿ ಉಳಿದು, ತಟ್ಟೆಗೆ ಬಿದ್ದ ಎರಡು ನಿಮಿಷಕ್ಕೆ ಒದ್ದೆ ಕಾಲುಚೀಲದಂತೆ ಜೋತುಬಿದ್ದವು. ಗಂಡನಿಗೆ ಕೊಟ್ಟಳು. ಅವನು ತಿಂದು, ನೀರು ಕುಡಿದು, ಚೆನ್ನಾಗಿದೆ ಎಂದ. ಮದುವೆಯಾದಂದಿನಿಂದ ಅವನು ಅವಳ ಅಡುಗೆಗೆ ಬೇರೆ ಮಾತು ಆಡಿದ್ದೇ ಇಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಸ್ತ್ರಿಯಮ್ಮ ಮೊದಲು ಆಲೂಗಡ್ಡೆಯನ್ನು ಬೈದಳು, ಆಮೇಲೆ ಬಾಣಲೆಯನ್ನು, ಆಮೇಲೆ ಎಣ್ಣೆ ಮಾರಿದವನನ್ನು. ಗಂಜಿಯನ್ನು ಮಾತ್ರ ಬೈಯಲಿಲ್ಲ, ಅದು ತೆಳುವಾಯಿತೆಂದು ಇನ್ನೂ ದಪ್ಪ ಮಾಡಿದಳು. ಎರಡನೆಯ ಸಲದ್ದನ್ನು ಚಿನಕುರಳಿಯೇ ತಿಂದಳು. ತಿಂದು, ಯೋಚನೆ ಮಾಡಿ, ಮೆತ್ತಗೆ ಚೆನ್ನಾಗಿದೆ, ಹಲ್ಲಿಲ್ಲದವರಿಗೂ ಆಗುತ್ತದೆ ಎಂದು ಸಮಾಧಾನ ಹೇಳಿದಳು. ಇಸ್ತ್ರಿಯಮ್ಮನ ಮುಖ ಹುಳ್ಳಗಾಯಿತು. ತಾನು ಕಲಿಯುತ್ತಿರುವುದು ಗುಟ್ಟು, ಸರಿಯಾಗಿ ಬರುವವರೆಗೆ ಅಮ್ಮನಿಗಾಗಲಿ ಆ ಅಜ್ಜಿಗಾಗಲಿ ಯಾರಿಗೂ ಹೇಳಕೂಡದು ಎಂದು ಮಗುವಿನಿಂದ ಮಾತು ತೆಗೆದುಕೊಂಡಳು. ಮಗು ಬಾಯಿಗೆ ಬೀಗ ಹಾಕಿ ಕೀಲಿಯನ್ನು ಕಿಟಕಿಯಿಂದ ಎಸೆದ ಹಾಗೆ ಮಾಡಿ ತೋರಿಸಿತು.

ಇನ್ನೊಂದು ದಿನ, ಮಗು ಅಲ್ಲಿರುವ ಹೊತ್ತು ನೋಡಿಕೊಂಡೇ, ಇಸ್ತ್ರಿಯಮ್ಮ ಮಗುವಿನ ಶಾಲೆಯ ಅಂಗಿ ಕೊಡುವ ನೆಪ ಮಾಡಿ ಬೀಗಿತ್ತಿಯ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಚಿನಕುರಳಿ ಒಂದು ಸ್ಟೂಲಿನ ಮೇಲೆ ನಿಂತು, ಟವೆಲಿನ ಮೇಲೆ ಹರವಿದ ಆಲೂಗಡ್ಡೆಯ ತುಂಡುಗಳನ್ನು ಒಂದೊಂದೇ ಒತ್ತಿ ಒರೆಸುತ್ತಿದ್ದಳು. ಆ ಟವೆಲು ಇಸ್ತ್ರಿಯಮ್ಮನೇ ಒಗೆದು ಮಡಿಸಿ ಕೊಟ್ಟದ್ದು. ಕ್ಯಾಂಟೀನಮ್ಮ ಬನ್ನಿ ಬೀಗರೇ ಎಂದು ಕುರ್ಚಿ ಎಳೆದಳು, ಆಗಲೇ ಕರಿದಿಟ್ಟ ತಟ್ಟೆಯನ್ನು ಮುಂದಿಟ್ಟಳು. ಇಸ್ತ್ರಿಯಮ್ಮ ಬೇಡ ಬೇಡ ಎನ್ನುತ್ತಲೇ ಒಂದನ್ನು ಬಾಯಿಗೆ ಹಾಕಿದಳು.

ಅಯ್ಯೋ, ಎಂಥ ರುಚಿ! ಹಲ್ಲು ತಾಕಿದ್ದೇ ತಡ ಕಟುಂ ಎಂದು ಮುರಿದು ಒಳಗಿನ ಬಿಸಿ ನಾಲಿಗೆಗೆ ಇಳಿಯಿತು. ಕೆಟ್ಟದಾಗಿದ್ದರೆ ಅವಳು ಬೀಗಿತ್ತಿಯನ್ನು ಅವತ್ತೇ ಕ್ಷಮಿಸಿಬಿಡುತ್ತಿದ್ದಳು. ಉಪ್ಪು ಒಂದು ಚೂರು ಜಾಸ್ತಿಯಾಯಿತು ಎಂದಳು. ಕ್ಯಾಂಟೀನಮ್ಮ ಹೌದಾ, ಇನ್ನೊಂದು ಸಲ ನೋಡಿಕೊಂಡು ಹಾಕುತ್ತೇನೆ ಎಂದು ಒಪ್ಪಿಕೊಂಡಳು. ಜಗಳಕ್ಕೂ ಸಿಗದ ಹೆಂಗಸು.

ಆಗ ಚಿನಕುರಳಿ ಸ್ಟೂಲಿನ ಮೇಲಿಂದ ತಿರುಗದೆಯೇ ಕೂಗಿದಳು: "ಅಜ್ಜೀ, ಇದು ಒಣಗಿತು. ಇಸ್ತ್ರಿ ಅಜ್ಜಿಗೆ ಇನ್ನೊಂದು ಕೊಡು."

ಮಗು ಯಾವ ಕೆಟ್ಟ ಯೋಚನೆಯಿಂದಲೂ ಹಾಗೆ ಅಂದದ್ದಲ್ಲ. ಆದರೂ ಇಸ್ತ್ರಿಯಮ್ಮನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ತಿಂಗಳ ಹಿಂದೆ ಅಜ್ಜಿ ಎಂದರೆ ತಾನು, ಬೀಗಿತ್ತಿ ಕ್ಯಾಂಟೀನ್ ಅಜ್ಜಿ. ಈಗ ಬೀಗಿತ್ತಿ ಬರೀ ಅಜ್ಜಿ, ತನ್ನ ಹೆಸರಿಗೆ ಮುಂದೊಂದು ಬಾಲ. ಅಂಗಡಿಯಲ್ಲಿ ಪೆಟ್ಟಿಗೆ ಕಾಯುತ್ತಿದೆ ಎಂದು ಸುಳ್ಳು ಹೇಳಿ ಎದ್ದಳು. ದಾರಿಯುದ್ದಕ್ಕೂ ಹೊಟ್ಟೆ ಧಗಧಗ ಉರಿಯಿತು. ಏಳು ವರ್ಷ ಮೂಗು ಒರೆಸಿದವಳು ತಾನು, ಜ್ವರ ಬಂದಾಗ ಭುಜದ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಇಸ್ತ್ರಿ ಮಾಡಿದವಳು ತಾನು, ನಾಲ್ಕು ಆಲೂಗಡ್ಡೆಗೆ ಅಜ್ಜಿಯ ಪಟ್ಟ ಹೊಡೆದುಕೊಂಡು ಹೋದವಳು ಅವಳು.

ಮರುದಿನ ಇಸ್ತ್ರಿಯಮ್ಮನ ಸರದಿ. ಬೆಳಿಗ್ಗೆಯಿಂದ ಅವಳು ಒಂದು ಕೋಟಿಗೂ ಕೈ ಹಾಕಲಿಲ್ಲ. ಎರಡು ಕಿಲೋ ಆಲೂಗಡ್ಡೆ ಹೆಚ್ಚಿದಳು, ಎಲ್ಲಕ್ಕಿಂತ ದಪ್ಪ ಗಂಜಿ ಹಾಕಿದಳು, ಎಲ್ಲಕ್ಕಿಂತ ಜೋರು ಉರಿ ಮಾಡಿದಳು. ಹೊರಗೆ ಕರಕಲು, ಒಳಗೆ ಹಸಿ. ಚಿನಕುರಳಿ ಅಜ್ಜಿಯ ಮುಖ ನೋಡಿತು, ಕೈಯ ಬೊಬ್ಬೆ ನೋಡಿತು, ಮಾತಾಡದೆ ತಟ್ಟೆಯನ್ನು ಖಾಲಿ ಮಾಡಿತು. ಇನ್ನೂ ಬೇಕಾ ಎಂದರೆ ಹೂಂ ಎಂದಿತು. ಅದಕ್ಕೆ ಬೇಕಿರಲಿಲ್ಲ ಎಂದು ಇಸ್ತ್ರಿಯಮ್ಮನಿಗೆ ಗೊತ್ತಿತ್ತು. ಆದರೂ ಬಡಿಸಿದಳು.

ಮರುದಿನ ಬೆಳಿಗ್ಗೆ ಸೊಸೆ ಕೆಂಪು ಕಣ್ಣು ಮಾಡಿಕೊಂಡು ಅಂಗಡಿಗೆ ಬಂದಳು. ಮಗುವಿಗೆ ರಾತ್ರಿಯೆಲ್ಲ ಹೊಟ್ಟೆ ನೋವು, ಎರಡು ಸಲ ವಾಂತಿ. ಏನು ತಿಂದೆ ಎಂದರೆ ಫ್ರೈಸ್ ಎನ್ನುತ್ತದೆ, ಎಲ್ಲಿ ಎಂದರೆ ಬಾಯಿ ಬಿಡುವುದಿಲ್ಲ. ನಿನ್ನೆ ಇಲ್ಲಿ ಏನು ತಿಂದಳು ಎಂದು ಕೇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಇಸ್ತ್ರಿಯಮ್ಮ ಸುಳ್ಳುಗಾತಿಯಲ್ಲ. ಗಿರಾಕಿಯ ಅಂಗಿ ಸುಟ್ಟರೆ ಅವಳು ಮಡಿಕೆಯಲ್ಲಿ ಮುಚ್ಚಿಟ್ಟವಳಲ್ಲ, ಬಿಡಿಸಿ ತೋರಿಸಿ ತಪ್ಪು ಒಪ್ಪಿಕೊಂಡವಳು. ಅವತ್ತು ಮಾತ್ರ ನಾಲಿಗೆ ಅವಳ ಮಾತು ಕೇಳಲಿಲ್ಲ. ಇಲ್ಲಿ ಬ್ರೆಡ್ಡು, ಹಾಲು ಅಷ್ಟೇ ಎಂದಳು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು.

"ನಾನು ಹೇಳಬಾರದು. ಮೊನ್ನೆ ನಿಮ್ಮಮ್ಮನ ಮನೆಗೆ ಹೋಗಿದ್ದೆ. ಬಾಣಲೆ ಎಣ್ಣೆ ನೋಡಿ ನನಗೇ ಭಯ ಆಯ್ತು. ಕಪ್ಪಗೆ ಕಾಡಿಗೆ ಥರ ಇತ್ತು. ಕ್ಯಾಂಟೀನ್ ಅಭ್ಯಾಸ ನೋಡು, ಅದನ್ನೇ ಕಾಸಿ ಕಾಸಿ ಹಾಕ್ತಾರೆ."

ಸೊಸೆ ಲ್ಯಾಬಿನವಳು, ಕಣ್ಣಿಗೆ ಕಾಣದ ಕ್ರಿಮಿಗೂ ಹೆದರುವವಳು. ಅವಳ ಮುಖ ಬಿಗಿಯಿತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹೊರಟ ದಿಕ್ಕು ಬೀದಿಯ ಆಚೆ ತುದಿ. ಇಸ್ತ್ರಿಯಮ್ಮ ಪೆಟ್ಟಿಗೆ ಎತ್ತಿಕೊಂಡಳು. ಹೊಟ್ಟೆ ಎಷ್ಟೋ ದಿನದ ಮೇಲೆ ತಣ್ಣಗಿತ್ತು.

ಆ ತಂಪು ಸಂಜೆಯವರೆಗೂ ಉಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿದ್ದಿತ್ತು, ಸರಿ. ಆದರೆ ಬರೆ ಹಾಕಿದವಳು ಎತ್ತನ್ನೂ ಕೊಟ್ಟಿಗೆಯಿಂದ ಆಚೆ ಕಟ್ಟಿದಳು. ಸೊಸೆ ಫೋನು ಮಾಡಿ, ಇನ್ನು ಯಾರ ಮನೆಯೂ ಬೇಡ ಎಂದಳು. ಶಾಲೆಯಲ್ಲೇ ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೋಣೆ ಇದೆ, ಅಲ್ಲಿಂದ ಪಕ್ಕದ ಮನೆಯವರು ತಮ್ಮ ಮಗಳ ಜೊತೆಗೇ ಕರೆತರುತ್ತಾರೆ, ನಿಮ್ಮಿಬ್ಬರಿಗೂ ವಯಸ್ಸಾಯಿತು, ಯಾಕೆ ಸುಮ್ಮನೆ ತೊಂದರೆ ಎಂದಳು. ಇಸ್ತ್ರಿಯಮ್ಮ ಫೋನು ಕೆಳಗಿಟ್ಟಳು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಬರೀ ಬೇರೆಯವರಿಗೆ ಹೇಳುವ ಗಾದೆ ಎಂದುಕೊಂಡಿದ್ದಳು.

ಮೂರೂವರೆಗೆ ಶಾಲೆಯ ಗಂಟೆ ಬಾರಿಸುತ್ತಿತ್ತು. ಬೇರೆ ಮಕ್ಕಳು ಅಂಗಡಿಯ ಮುಂದೆ ಓಡುತ್ತ ಹೋಗುತ್ತಿದ್ದವು. ಇಸ್ತ್ರಿಯಮ್ಮ ತಲೆ ಎತ್ತುತ್ತಿರಲಿಲ್ಲ. ಎರಡು ವಾರದಲ್ಲಿ ಎರಡು ಕೋಟು ಸುಟ್ಟಳು. ಗಂಡ ಕೋಟು ನೋಡಿದ, ಹೆಂಡತಿಯನ್ನು ನೋಡಿದ, ಸೈಕಲ್ಲು ಹತ್ತಿ ಹೋದ.

ಒಂದು ಶನಿವಾರ ಸೊಸೆ ಮಗುವನ್ನು ಕರೆದುಕೊಂಡು ಬಟ್ಟೆ ಒಯ್ಯಲು ಬಂದಳು. ಸೊಸೆ ಬಾಗಿಲಲ್ಲಿ ಫೋನಿನಲ್ಲಿದ್ದಾಗ ಚಿನಕುರಳಿ ಮೇಜಿನ ಕೆಳಗಿಂದ ನುಸುಳಿ ಬಂದು, ಇಸ್ತ್ರಿಯಮ್ಮನ ಕಿವಿಗೆ ಬಾಯಿಟ್ಟಿತು.

"ನೀನು ಮಾಡಿದ್ದು ಅಂತ ನಾನು ಯಾರಿಗೂ ಹೇಳಿಲ್ಲ. ಅಮ್ಮ ಬೈದ್ರೂ ಹೇಳಿಲ್ಲ."

ಹೇಳಿ, ತನ್ನ ಜಾಣತನಕ್ಕೆ ತಾನೇ ಹಿಗ್ಗಿ, ಅಮ್ಮನ ಹಿಂದೆ ಓಡಿತು. ಇಸ್ತ್ರಿಯಮ್ಮ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಏಳು ವರ್ಷದ ಕೂಸು ಕೊಟ್ಟ ಮಾತು ಉಳಿಸಿಕೊಂಡಿತ್ತು, ಅರವತ್ತೆರಡರ ಅಜ್ಜಿ ಅದರ ಮರೆಯಲ್ಲಿ ನಿಂತು ಸುಳ್ಳು ಹೇಳಿದ್ದಳು. ನಾಚಿಕೆ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಕ್ಯಾಂಟೀನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಒಂದು ಕೈಯಲ್ಲಿ ಆಲೂಗಡ್ಡೆಯ ಚೀಲ, ಇನ್ನೊಂದರಲ್ಲಿ ಎಣ್ಣೆಯ ಬಾಟಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳು ಕೇಳುವ ಮೊದಲೇ ಇಸ್ತ್ರಿಯಮ್ಮ ಏನೇನೋ ಸಮಜಾಯಿಷಿ ಹುಡುಕತೊಡಗಿದಳು. ಆದರೆ ಬೀಗಿತ್ತಿ ಜಗಳಕ್ಕೆ ಬಂದಿರಲಿಲ್ಲ. ಮಗಳು ಹೀಗೆ ಹೀಗೆ ಅಂದಳು, ಎಣ್ಣೆ ಕಪ್ಪು ಅಂದಳು, ಮಗುವಿಗೆ ವಿಷ ಹಾಕಿದವಳ ಹಾಗೆ ನೋಡಿದಳು, ಯಾರು ಹೇಳಿದರು ಎಂದರೆ ಹೇಳಲಿಲ್ಲ ಎಂದು ಹೇಳುತ್ತ ಕೂತಳು. ಹೇಳುವಾಗ ಎರಡು ಸಲ ಮೂಗು ಒರೆಸಿಕೊಂಡಳು.

"ಬೀಗರೇ, ನೀವೊಬ್ಬರೇ ಅವತ್ತು ನನ್ನ ಅಡುಗೆಮನೆ ನೋಡಿದೋರು. ಉಪ್ಪು ಜಾಸ್ತಿ ಅಂತ ಮುಖದ ಮೇಲೆ ಹೇಳಿದ್ರಿ, ಅದಕ್ಕೇ ನಿಮ್ಮ ಮೇಲೆ ನಂಬಿಕೆ. ನಿಮ್ಮ ಕಣ್ಣೆದುರೇ ಮಾಡ್ತೀನಿ. ನೋಡಿ, ಆಮೇಲೆ ನನ್ನ ಮಗಳಿಗೆ ನೀವೇ ಒಂದು ಮಾತು ಹೇಳಿ."

ಇಸ್ತ್ರಿಯಮ್ಮ ಎದ್ದು ಅಡುಗೆಮನೆಯ ದೀಪ ಹಾಕಿದಳು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಕ್ಯಾಂಟೀನಮ್ಮನಿಗೆ ಕೈಗೆ ಕೆಲಸ ಸಿಕ್ಕ ಮೇಲೆ ಅಳು ನಿಂತಿತು. ಕಿರುಬೆರಳಿನ ದಪ್ಪಕ್ಕೆ, ಎಲ್ಲವೂ ಒಂದೇ ಅಳತೆಗೆ ಹೆಚ್ಚಿದಳು. ಒಂದು ದಪ್ಪ ಒಂದು ತೆಳ್ಳಗಾದರೆ ಒಂದು ಸುಡುತ್ತದೆ ಒಂದು ಹಸಿ ಉಳಿಯುತ್ತದೆ ಎಂದಳು. ತಣ್ಣೀರಿನಲ್ಲಿ ಹಾಕಿ ಕೈಯಾಡಿಸಿದಳು. ನೀರು ಬೆಳ್ಳಗಾಯಿತು. ಚೆಲ್ಲಿದಳು, ಮತ್ತೆ ನೀರು ಹಾಕಿದಳು, ತಳ ಕಾಣುವವರೆಗೂ ಬಿಡಲಿಲ್ಲ. ಪಾತ್ರೆಯ ಅಡಿಗೆ ಕೂತ ಬಿಳಿ ಹಿಟ್ಟನ್ನು ನೋಡಿ ಇಸ್ತ್ರಿಯಮ್ಮನಿಗೆ ತಡೆಯಲಾಗಲಿಲ್ಲ, ಇಷ್ಟೊಂದು ಗಂಜಿ ಚೆಲ್ಲಿದರೆ ಗರಿಗರಿ ಎಲ್ಲಿಂದ ಬರುತ್ತದೆ ಎಂದು ಕೇಳಿಯೇಬಿಟ್ಟಳು. ಕ್ಯಾಂಟೀನಮ್ಮ ನಕ್ಕಳು, ಆ ದಿನ ನಕ್ಕಿದ್ದು ಅದೊಂದೇ ಸಲ. ಬಟ್ಟೆಗೆ ಗಂಜಿ ಬೇಕು, ಇದಕ್ಕೆ ಬೇಡ. ಮೇಲಿನ ಗಂಜಿ ಉಳಿದರೆ ಒಂದಕ್ಕೊಂದು ಅಂಟುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತದೆ ಎಂದಳು. ಆಮೇಲೆ ಟವೆಲಿನ ಮೇಲೆ ಹರವಿ ಒಂದು ಹನಿ ನೀರೂ ಇರದಂತೆ ಒರೆಸಿದಳು. ಎಣ್ಣೆಯ ಬಿಸಿ ನೋಡಲು ಒಣಗಿದ ಒಂದೇ ಒಂದು ತುಂಡು ಬಿಟ್ಟಳು. ಅದರ ಸುತ್ತ ಸಣ್ಣಗೆ ಗುಳ್ಳೆ ಎದ್ದವು. ಇಸ್ತ್ರಿಯಮ್ಮ ಮಣಿಕಟ್ಟಿನ ಗಾಯದ ಮೇಲೆ ತೋಳು ಎಳೆದುಕೊಂಡಳು. ಅವಳ ಮೂರು ವಿದ್ಯೆಗಳಲ್ಲಿ ಒಂದೂ ಇಲ್ಲಿ ನಡೆಯಲಿಲ್ಲ.

ಸಣ್ಣ ಉರಿಯಲ್ಲಿ ಮೊದಲ ಸಲ ಕರಿದು, ಬಣ್ಣ ಬರುವ ಮೊದಲೇ ತೆಗೆದು, ಅಗಲವಾದ ತಟ್ಟೆಯಲ್ಲಿ ಹರವಿದಳು. ಇನ್ನು ಪೂರ್ತಿ ಆರಬೇಕು, ಆಮೇಲೆ ಜೋರು ಉರಿಯಲ್ಲಿ ಇನ್ನೊಂದು ಸಲ, ಎರಡೇ ನಿಮಿಷ, ಗರಿಗರಿ ಬರುವುದು ಆಗಲೇ ಎಂದಳು. ಎಷ್ಟು ಹೊತ್ತು ಆರಬೇಕು? ಕಾಲು ಗಂಟೆ.

ಆ ಕಾಲು ಗಂಟೆ ಇಸ್ತ್ರಿಯಮ್ಮನ ಪಾಲಿಗೆ ಯಮಯಾತನೆಯಾಯಿತು. ಕೈಗೆ ಕೆಲಸವಿಲ್ಲ. ಎದುರಿಗೆ ಕ್ಯಾಂಟೀನಮ್ಮ. ನಡುವೆ ಬಾಣಲೆಯ ಎಣ್ಣೆ, ತಳದ ಗೆರೆ ಕೂಡ ಕಾಣುವಷ್ಟು ತಿಳಿಯಾಗಿ. ಕ್ಯಾಂಟೀನಮ್ಮ ಅದನ್ನು ತೋರಿಸಿ, ಇದು ಕಪ್ಪಾ, ನೀವೇ ಹೇಳಿ ಎಂದು ಮೆಲ್ಲಗೆ ಕೇಳಿದಳು.

"ಕಪ್ಪಲ್ಲ," ಎಂದಳು ಇಸ್ತ್ರಿಯಮ್ಮ. "ಕಪ್ಪು ಅಂತ ಹೇಳಿದ್ದು ನಾನೇ. ಅವಳಿಗೆ ಹೊಟ್ಟೆ ಕೆಟ್ಟದ್ದು ನಾನು ಮಾಡಿದ ಹಸಿ ಆಲೂಗಡ್ಡೆಯಿಂದ. ಗುಟ್ಟು ಅಂತ ಮಗು ಹತ್ರ ಮಾತು ತಗೊಂಡಿದ್ದೆ, ಅದು ಬಾಯಿ ಬಿಡಲಿಲ್ಲ. ತಪ್ಪನ್ನ ನಿಮ್ಮ ತಲೆಗೆ ಕಟ್ಟಿದೆ."

ಕ್ಯಾಂಟೀನಮ್ಮ ಕೈಯಲ್ಲಿದ್ದ ಸೌಟನ್ನು ಬಾಣಲೆಯ ಪಕ್ಕಕ್ಕಿಟ್ಟಳು. ಯಾಕೆ ಎಂದಳು.

"ಅವತ್ತು ನಿಮ್ಮನೇಲಿ ಅವಳು ನಿಮ್ಮನ್ನ ಬರೀ ಅಜ್ಜಿ ಅಂದ್ಲು. ನನ್ನನ್ನ ಇಸ್ತ್ರಿ ಅಜ್ಜಿ ಅಂದ್ಲು. ಹೊಟ್ಟೆ ಉರಿದುಹೋಯ್ತು ಬೀಗರೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ."

ಮುಂದಿನ ರಸ್ತೆಯಲ್ಲಿ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು, ಬಾ ಬಾ ಎಂದು ಕೂಗುತ್ತಿದ್ದರು. ಇಸ್ತ್ರಿಯಮ್ಮ ಬೈಗುಳಕ್ಕೆ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕ್ಯಾಂಟೀನಮ್ಮ ಎದ್ದು ಒಲೆಯ ಉರಿ ಜೋರು ಮಾಡಿದಳು. ಆರಿದ ತುಂಡುಗಳನ್ನು ಎರಡನೆಯ ಸಲ ಎಣ್ಣೆಗೆ ಬಿಟ್ಟಳು, ಹೊಂಬಣ್ಣ ಬಂದ ಕೂಡಲೇ ತೆಗೆದಳು, ಉಪ್ಪು ಉದುರಿಸಿ ಒಂದು ಸಲ ಕುಲುಕಿ ತಟ್ಟೆಗೆ ಸುರಿದಳು. ತಾನು ಒಂದನ್ನೂ ಮುಟ್ಟಲಿಲ್ಲ.

"ಇಪ್ಪತ್ತಾರು ವರ್ಷ ನೂರಾರು ಜನಕ್ಕೆ ಬಡಿಸಿದ್ದೀನಿ. ನನ್ನ ಎಣ್ಣೆ ಬಗ್ಗೆ ಒಬ್ಬರೂ ಮಾತಾಡಿರಲಿಲ್ಲ. ನನ್ನ ಮಗಳ ಬಾಯಲ್ಲೇ ಆಡಿಸಿಬಿಟ್ರಿ," ಎಂದಳು. ಚೀಲ ಎತ್ತಿಕೊಂಡಳು, ಎಣ್ಣೆ ಅಲ್ಲೇ ಬಿಟ್ಟಳು. ಬಾಗಿಲಲ್ಲಿ ನಿಂತು, ನಾಳೆ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ಮೊದಲು ಹೇಳಿ ಎಂದು ಮಾತ್ರ ಹೇಳಿ ಇಳಿದು ಹೋದಳು.

ಸಂಜೆ ಗಂಡ ಬಂದು ತಟ್ಟೆಯಲ್ಲಿದ್ದದ್ದನ್ನು ತಿಂದ. ಇನ್ನೂ ಇದೆಯಾ ಎಂದು ಕೇಳಿದ. ಅವನು ಎರಡನೆಯ ಸಲ ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಇಷ್ಟು ವರ್ಷದ ಚೆನ್ನಾಗಿದೆಗಳೆಲ್ಲ ಏನಾಗಿದ್ದವು ಎಂದು ಇಸ್ತ್ರಿಯಮ್ಮನಿಗೆ ಆಗ ತಿಳಿಯಿತು. ಬೈಯುವ ಶಕ್ತಿಯೂ ಉಳಿದಿರಲಿಲ್ಲ, ಸುಮ್ಮನೆ ತಟ್ಟೆ ತೊಳೆದಿಟ್ಟಳು.

ಬೆಳಿಗ್ಗೆ ಹೋಗಿ ಸೊಸೆಗೆ ಹೇಳಿದಳು. ನಿಂತುಕೊಂಡೇ ಹೇಳಿದಳು, ಯಾವ ಮಡಿಕೆಯಲ್ಲೂ ಏನನ್ನೂ ಮುಚ್ಚಿಡಲಿಲ್ಲ. ಸೊಸೆ ಕೂಗಾಡಲಿಲ್ಲ. ಅಮ್ಮನಿಗೆ ನಾನು ಏನೆಲ್ಲ ಅಂದೆ ಗೊತ್ತಾ ಅತ್ತೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿಟಕಿಯ ಕಡೆ ತಿರುಗಿದಳು. ಸೋಮವಾರದಿಂದ ಮಗು ಅಮ್ಮನ ಮನೆಯಲ್ಲೇ ಇರಲಿ, ಅಂಗಡಿಗೆ ಸದ್ಯ ಬೇಡ ಎಂದಳು. ಆಗಲಿ ಎಂದಳು ಇಸ್ತ್ರಿಯಮ್ಮ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇವತ್ತಿನದ್ದು ಸೊಸೆಯದ್ದು, ಅದೂ ನ್ಯಾಯವಾಗಿಯೇ.

ಸೋಮವಾರ ಬಂತು. ಮೂರೂವರೆಯ ಗಂಟೆಯೂ ಬಾರಿಸಿತು. ಬೀಗಿತ್ತಿಯ ಮನೆಗೆ ದಾರಿ ಅಂಗಡಿಯ ಮುಂದೆಯೇ. ಅವರಿಬ್ಬರೂ ಕೈಹಿಡಿದು ಹೋಗುವುದನ್ನು ನೋಡಬಾರದೆಂದು ಇಸ್ತ್ರಿಯಮ್ಮ ಗೋಡೆಗೆ ಮುಖ ಮಾಡಿ ಒಂದು ಮೇಜುಬಟ್ಟೆ ಹಾಸಿಕೊಂಡಳು. ನೋಡದಿದ್ದರೂ ಹೊಟ್ಟೆ ಉರಿಯುತ್ತಿತ್ತು. ತಪ್ಪು ಒಪ್ಪಿಕೊಂಡರೆ ಉರಿ ಆರುತ್ತದೆ ಎಂದು ಯಾರು ಹೇಳಿದರೋ, ಅವರಿಗೆ ಬೀಗಿತ್ತಿ ಇರಲಿಲ್ಲವೇನೋ.

ಹಿಂದೆ ಚಪ್ಪಲಿಯ ಸದ್ದಾಯಿತು. ಕ್ಯಾಂಟೀನಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು, ಪಕ್ಕದಲ್ಲಿ ಚಿನಕುರಳಿ, ಬೆನ್ನಿಗೆ ಚೀಲ. ಕ್ಯಾಂಟೀನಮ್ಮ ನಗಲಿಲ್ಲ. ಕಣ್ಣು ಕೊಟ್ಟೂ ನೋಡಲಿಲ್ಲ.

"ನನ್ನ ಮಗಳ ಹತ್ರ ಮಾತಾಡಿದ್ದೀನಿ. ಮೊದಲಿನ ಹಾಗೇ ದಿನ ಬಿಟ್ಟು ದಿನ. ಇವತ್ತು ನಿಮ್ಮದು," ಎಂದಳು. "ನಿಮ್ಮ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ಅದು ಬೇರೆ, ಇದು ಬೇರೆ."

ಮಗುವಿನ ಕೈ ಬಿಟ್ಟು ಇಳಿದು ಹೋದಳು. ಚಿನಕುರಳಿ ಒಳಗೆ ನುಗ್ಗಿ ಚೀಲ ಎಸೆದು, ಶಾಲೆಯ ಕೋಣೆಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿತು. ಇಸ್ತ್ರಿಯಮ್ಮ ಮಗುವನ್ನು ಸೊಂಟಕ್ಕೆ ಅವುಚಿಕೊಂಡು ಬೀದಿಯತ್ತ ನೋಡಿದಳು. ಆ ದಪ್ಪ ಬೆನ್ನು ಆಚೆ ತುದಿಯ ಖಾಲಿ ಮನೆಯ ಕಡೆ ನಿಧಾನವಾಗಿ ನಡೆಯುತ್ತಿತ್ತು. ಅದರ ಜಾಗದಲ್ಲಿ ತಾನಿದ್ದರೆ ಈ ಕೈಯನ್ನು ಬಿಟ್ಟುಕೊಡುತ್ತಿದ್ದೆನೇ ಎಂದು ಕೇಳಿಕೊಂಡಳು. ಇಲ್ಲ, ಸತ್ತರೂ ಇಲ್ಲ. ಕಣ್ಣು ತುಂಬಿ ಬಂತು. ಛೆ, ದೊಡ್ಡತನದಲ್ಲೂ ಅವಳೇ ಮುಂದಾದಳಲ್ಲ ಎಂದು ಹೊಟ್ಟೆಯೂ ಉರಿಯಿತು.